ಹಿಂದಿನ ಸ್ಟೇಜಿನಲ್ಲಿ ಆದ ತಡ

ಪಡುಬಿದ್ರಿಗೆ ಎರಡು ನಿಮಿಷ ತಡವಾಗಿ ಬಂದ ಬಸ್ಸು ಪಡುಬಿದ್ರಿಯಲ್ಲಿ ತಡವಾದದ್ದಲ್ಲ, ಹಿಂದಿನ ಸ್ಟೇಜುಗಳಲ್ಲಿ, ಅಂದರೆ ಹಿಂದಿನ ನಿಲ್ದಾಣಗಳಲ್ಲಿ ತಡವಾದದ್ದು. ಸುರತ್ಕಲ್ಲಿನಲ್ಲಿ ಯಾರೋ ಗೋಣಿಚೀಲ ಹತ್ತಿಸಲು ಹೊತ್ತು ತೆಗೆದುಕೊಂಡಿರುತ್ತಾರೆ, ಬೈಕಂಪಾಡಿಯಲ್ಲಿ ಲಾರಿ ಅಡ್ಡ ನಿಂತಿರುತ್ತದೆ, ಇಲ್ಲವೇ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವಾಗಲೇ ಡ್ರೈವರ್ ಚಹಾ ಮುಗಿಸಿರುವುದಿಲ್ಲ. ಆದರೆ ಟೈಮ್ ಕೀಪರ್ ತನ್ನ ಪುಸ್ತಕದಲ್ಲಿ ಬರೆಯುವುದು ಪಡುಬಿದ್ರಿಯ ತಡವನ್ನು. ಜಗಳ ನಡೆಯುವುದೂ ಅಲ್ಲಿಯೇ. ಮಂಗಳೂರು–ಉಡುಪಿ ಮಾರ್ಗದ ಖಾಸಗಿ ಬಸ್ಸಿನಲ್ಲಿ 2006ರಿಂದ ಹದಿನೇಳು ವರ್ಷ ಕಂಡಕ್ಟರ್ ಆಗಿದ್ದವನು ನಾನು. ಬಸ್ಸಿನ ಈ ಲೆಕ್ಕ ನನಗೆ ಮೊದಲ ವಾರದಲ್ಲಿಯೇ ತಿಳಿದಿತ್ತು. ನನ್ನ ಸಿಟ್ಟಿನ ಲೆಕ್ಕವೂ ಇದೇ ಎಂದು ತಿಳಿಯಲು ಹದಿನಾಲ್ಕು ವರ್ಷ ಬೇಕಾಯಿತು.

ಮೊದಲು ನಾನು ಎಂಥವನಾಗಿದ್ದೆ ಎಂದು ಹೇಳಿಬಿಡುತ್ತೇನೆ.

2019ರ ಜುಲೈ. ಮಳೆ ಎಂದರೆ ನಮ್ಮೂರಿನ ಮಳೆ. ಬಸ್ಸಿನ ಎರಡೂ ಬದಿಯ ಟಾರ್ಪಾಲಿನ ಪರದೆ ಇಳಿಸಿದರೂ ಒಳಗೆ ನೀರು. ಹಳೆಯಂಗಡಿಯಲ್ಲಿ ಒಬ್ಬ ಅಜ್ಜ ಹತ್ತಿದರು. ಕೊಡೆ ಮಡಚಲು ಅವರಿಗೆ ಆಗುತ್ತಿಲ್ಲ, ಒಂದು ಕಾಲು ಫುಟ್‌ಬೋರ್ಡಿನ ಮೇಲೆ, ಒಂದು ಕಾಲು ರಸ್ತೆಯಲ್ಲಿ. ಹಿಂದಿನ ಬಸ್ಸು ಹಾರ್ನ್ ಹಾಕುತ್ತಾ ಬೆನ್ನಿಗೆ ಬಂದಾಗಿತ್ತು. ಹೇಗೋ ಒಳಗೆ ಬಂದವರು ಕಾಪುವಿಗೆ ಟಿಕೆಟ್ ಕೇಳಿ ಐನೂರರ ನೋಟು ಕೊಟ್ಟರು. ಟಿಕೆಟಿಗೆ ಇಪ್ಪತ್ತೈದು ರೂಪಾಯಿ. ಚಿಲ್ಲರೆ ಇಲ್ಲವೇ ಎಂದು ಕೇಳಿದೆ. ಅವರಿಗೆ ಕೇಳಿಸಲಿಲ್ಲ. ಮತ್ತೊಮ್ಮೆ ಕೇಳಿದೆ. ಆಮೇಲೆ ಕೇಳಲಿಲ್ಲ, ಕೂಗಿದೆ. ಏನೇನು ಕೂಗಿದೆ ಎಂದು ಇಲ್ಲಿ ಬರೆಯುವುದಿಲ್ಲ. ಚೀಲದಿಂದ ನೋಟು ನಾಣ್ಯ ಎಲ್ಲ ತೆಗೆದು ಅವರ ಕೈಯ ಕಡೆಗೆ ಎಸೆದಂತೆ ಕೊಟ್ಟೆ. ನಾಣ್ಯಗಳು ಕೈಗೆ ಸಿಗದೆ ನೆಲಕ್ಕೆ ಬಿದ್ದು ಸೀಟುಗಳ ಕೆಳಗೆ ಉರುಳಿಹೋದವು.

ಅಜ್ಜ ಆ ಒದ್ದೆ ನೆಲದ ಮೇಲೆ ಮೊಣಕಾಲೂರಿ ಹುಡುಕತೊಡಗಿದರು.

ಯಾರಾದರೂ ನನಗೆ ಬೈಯುತ್ತಾರೆ ಎಂದುಕೊಂಡೆ. ಬೈದರೆ ತಿರುಗಿ ಬೈಯಲು ಮಾತು ಸಿದ್ಧವಾಗಿಯೇ ಇತ್ತು. ಯಾರೂ ಏನೂ ಹೇಳಲಿಲ್ಲ. ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಹೆಂಗಸು ಎದ್ದು ಬಂದು ನಾಣ್ಯಗಳನ್ನು ಹೆಕ್ಕಿ ಅಜ್ಜನ ಅಂಗಿಯ ಕಿಸೆಗೆ ಹಾಕಿದರು, ನನ್ನ ಮುಖವನ್ನು ನೋಡದೆ ಹೋಗಿ ಕುಳಿತರು. ಕಾಪುವಿನಲ್ಲಿ ಅಜ್ಜ ಇಳಿಯುವಾಗ ನಾನು ವಿಸಿಲ್ ಹಾಕಲು ತಡ ಮಾಡಿದೆ. ಅಷ್ಟೇ ನನಗೆ ತೋಚಿದ ಕ್ಷಮಾಪಣೆ. ಅದು ಅವರಿಗೆ ಗೊತ್ತಾಗಿರಲಿಕ್ಕಿಲ್ಲ.

ಇಷ್ಟಾದ ಮೇಲೆ ನಾನು ಬದಲಾದೆ ಎಂದು ಬರೆದರೆ ಚೆಂದ ಇರುತ್ತಿತ್ತು. ಬದಲಾಗಲಿಲ್ಲ. ನಾಲ್ಕು ದಿನ ಮಂಕಾಗಿದ್ದೆ, ಐದನೆಯ ದಿನ ಮುಲ್ಕಿಯಲ್ಲಿ ಇನ್ನೊಬ್ಬರ ಮೇಲೆ ರೇಗಿದೆ. ನಾಚಿಕೆಯಿಂದ ಸಿಟ್ಟು ಕಡಿಮೆಯಾಗುತ್ತದೆ ಎಂದು ಜನ ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದು ಉಲ್ಟಾ. ನಾಚಿಕೆ ಹೆಚ್ಚಾದಷ್ಟು ಮುಂದಿನ ಸಿಟ್ಟಿಗೆ ಸೌದೆ ಹೆಚ್ಚಾಗುತ್ತಿತ್ತು. ಕೆಟ್ಟವನೆಂದು ಹೆಸರು ಬಂದಾಗಿದೆ, ಇನ್ನು ಒಳ್ಳೆಯವನಾಗಿ ಯಾರನ್ನು ಮೆಚ್ಚಿಸಬೇಕು ಎಂಬ ಒಂದು ದರಿದ್ರ ಧೈರ್ಯ.

ಮನೆಯಲ್ಲಿ, ಗೆಳೆಯರಲ್ಲಿ ನಾನು ಕೊಡುತ್ತಿದ್ದ ಕಾರಣ ಒಂದೇ: ಕೆಲಸ ಅಂಥದ್ದು. ಸುಳ್ಳಲ್ಲ. ನಮ್ಮ ಮಾರ್ಗದಲ್ಲಿ ಬಸ್ಸಿನ ಹಿಂದೆ ಬಸ್ಸು, ಎರಡು ಮೂರು ನಿಮಿಷದ ಅಂತರ. ಮುಂದಿನವನು ಸ್ಟಾಪಿನಲ್ಲಿ ಒಂದು ನಿಮಿಷ ಹೆಚ್ಚು ನಿಂತರೆ ಹಿಂದಿನವನ ಕಲೆಕ್ಷನ್ ಅವನ ಚೀಲಕ್ಕೆ ಹೋಯಿತು. ನಮ್ಮ ಸಂಪಾದನೆ ಕಲೆಕ್ಷನ್ನಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ನಿಧಾನವಾಗಿ ಹತ್ತುವವರು, ನಿಧಾನವಾಗಿ ಇಳಿಯುವವರು, ಚಿಲ್ಲರೆ ಇಲ್ಲದವರು, ಎಲ್ಲರೂ ನಮ್ಮ ಅನ್ನಕ್ಕೆ ಕೈ ಹಾಕಿದವರಂತೆ ಕಾಣುತ್ತಾರೆ. ‘ಜಪ್ಪುಲೆ, ಜಪ್ಪುಲೆ’ (ತುಳುವಿನಲ್ಲಿ ‘ಇಳಿಯಿರಿ’) ಎಂದು ಇಳಿಸುವ ನಮ್ಮ ಕೂಗಿನಲ್ಲಿ ಎಷ್ಟು ಮರ್ಯಾದೆಯ ಪ್ರತ್ಯಯವಿದ್ದರೂ ಧ್ವನಿಯಲ್ಲಿ ಅದು ಇರುವುದಿಲ್ಲ.

ಆ ಕಾರಣವನ್ನು ನನ್ನ ಕೈಯಿಂದ ಕಿತ್ತುಕೊಂಡದ್ದು ಕೊರೋನಾ. 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಬಸ್ಸು ಶೆಡ್ಡಿನಲ್ಲಿ, ನಾನು ಮುಕ್ಕದ ನನ್ನ ಮನೆಯಲ್ಲಿ. ಹೆಂಡತಿ ಬೀಡಿ ಕಟ್ಟುವವಳು. ಎಲೆ, ಹೊಗೆಸೊಪ್ಪು ಬರುವುದು ನಿಂತು ಅವಳ ಕೈಯೂ ಖಾಲಿ. ಏಪ್ರಿಲ್ ಮಧ್ಯದ ಒಂದು ಮಧ್ಯಾಹ್ನ ಗಂಜಿಗೆ ಉಪ್ಪು ಸಾಲದೆಂದೋ, ಚಟ್ನಿ ಆಗಿಲ್ಲವೆಂದೋ, ಸ್ಟೀಲ್ ಲೋಟವನ್ನು ಗೋಡೆಗೆ ಬೀಸಿ ಒಗೆದೆ. ಮಗಳಿಗೆ ಆಗ ಹದಿನಾಲ್ಕು. ಅವಳು ಎದ್ದು ಒಳಗೆ ಹೋದಳು. ಹೆಂಡತಿ ಲೋಟ ಎತ್ತಿಕೊಂಡು ಅದರ ನಗ್ಗನ್ನು ಬೆರಳಿನಲ್ಲಿ ಸವರುತ್ತಾ ಕೇಳಿದಳು: ‘ಇಲ್ಲಿ ಪ್ಯಾಸೆಂಜರ್ ಯಾರೂ ಇಲ್ಲವಲ್ಲ. ಯಾರಿಗೆ ಬೈಯುತ್ತಿದ್ದೀರಿ?’

ಉತ್ತರ ಇರಲಿಲ್ಲ. ಮೂರು ವಾರದಿಂದ ಒಬ್ಬರೂ ಚಿಲ್ಲರೆಗೆ ಜಗಳ ಮಾಡಿಲ್ಲ, ಒಂದು ಹಾರ್ನ್ ಕೇಳಿಲ್ಲ. ಆದರೂ ಸಿಟ್ಟು ಟೈಮಿಗೆ ಸರಿಯಾಗಿ ಬಂದು ನಿಂತಿತ್ತು.

ಮನೆಯಲ್ಲಿ ಹಳೆಯ ಖಾಲಿ ಟ್ರಿಪ್ ಶೀಟುಗಳ ಒಂದು ಕಟ್ಟು ಇತ್ತು. ಟಿಕೆಟ್ ಯಂತ್ರ ಬಂದ ಮೇಲೆ ಅವುಗಳ ಉಪಯೋಗ ಕಡಿಮೆಯಾಗಿ, ಹೆಂಡತಿ ಸಾಮಾನಿನ ಚೀಟಿ ಬರೆಯಲು ಇಟ್ಟುಕೊಂಡಿದ್ದಳು. ಅದರ ಬೆನ್ನಿಗೆ ಗೆರೆ ಎಳೆದು ಬರೆಯತೊಡಗಿದೆ. ಗಂಟೆ, ಸ್ಥಳ, ಯಾರ ಮೇಲೆ, ಏನು ಹೇಳಿದೆ ಅಥವಾ ಮಾಡಿದೆ. ಇಷ್ಟೇ. ಇದು ನನ್ನ ಸ್ವಂತ ಬುದ್ಧಿ ಎಂದುಕೊಂಡಿದ್ದೆ. ಮನೋವೈದ್ಯರು, ಆಪ್ತಸಮಾಲೋಚಕರು ಸಿಟ್ಟಿನ ದಿನಚರಿ ಬರೆಸುವುದು ಹಳೆಯ ಪದ್ಧತಿ ಎಂದು ಆಮೇಲೆ ಗೊತ್ತಾಯಿತು. ಮೊದಲ ಎರಡು ವಾರ ಬರೆದದ್ದನ್ನು ಓದಿದರೆ ಪೊಲೀಸ್ ದೂರಿನ ಹಾಗಿತ್ತು. ಎಲ್ಲದರಲ್ಲೂ ತಪ್ಪು ಎದುರಿನವರದ್ದು. ನಾನು ಸಾಕ್ಷಿ ಮಾತ್ರ.

ಒಂದು ದಿನ ಹೆಂಡತಿ ಅದನ್ನು ಓದಿದಳು. ನಾನು ಅವಳಿಗೆ ಓದಲು ಕೊಟ್ಟಿರಲಿಲ್ಲ. ಸಾಮಾನಿನ ಚೀಟಿ ಎಂದುಕೊಂಡು ತೆಗೆದಿದ್ದಳು. ಓದಿ ನಗಲಿಲ್ಲ, ಅದು ಅವಳ ದೊಡ್ಡತನ. ‘ಇದರಲ್ಲಿ ಸ್ಟೇಜು ಉಂಟು, ಹಿಂದಿನ ಸ್ಟೇಜು ಇಲ್ಲ’ ಎಂದಳು. ಬಸ್ಸಿನವನ ಹೆಂಡತಿಯಾಗಿ ಅವಳೂ ಆ ಭಾಷೆ ಕಲಿತಿದ್ದಳು. ಅಲ್ಲಿಂದ ಐದನೆಯ ಕಾಲಂ ಸೇರಿತು: ಹಿಂದಿನ ಸ್ಟೇಜು. ಅಂದರೆ, ಸಿಟ್ಟು ಬರುವ ಮೊದಲಿನ ಎರಡು ಮೂರು ಗಂಟೆಗಳಲ್ಲಿ ಏನಾಗಿತ್ತು.

ಜೂನ್‌ನಲ್ಲಿ ಬಸ್ಸು ಮತ್ತೆ ಹೊರಟಾಗ ಈ ಹಾಳೆಗಳನ್ನು ಚೀಲದಲ್ಲಿ ಇಟ್ಟುಕೊಂಡೆ. ಉಡುಪಿಯಲ್ಲಿ ಬಸ್ಸು ನಿಂತಿರುವ ಹತ್ತು ನಿಮಿಷದಲ್ಲಿ ಬರೆದುಬಿಡುತ್ತಿದ್ದೆ. ಕೆಲವು ತಿಂಗಳಲ್ಲಿ ಒಂದು ನಕ್ಷೆ ಕಾಣಿಸಿತು. ಅದರಲ್ಲಿ ಕೆಲವು ಸಂಗತಿಗಳು ಎಷ್ಟು ಸಣ್ಣವು ಎಂದರೆ ಹೇಳಲು ಸಂಕೋಚವಾಗುತ್ತದೆ. ನನ್ನ ಕೂಗಾಟಗಳಲ್ಲಿ ಹೆಚ್ಚಿನವು ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆಯ ಒಳಗೆ. ಬೆಳಿಗ್ಗೆ ಐದಕ್ಕೆ ಎದ್ದು ಬರೀ ಚಹಾ ಕುಡಿದು ಹೊರಡುವವನು ನಾನು. ಮೊದಲ ಟ್ರಿಪ್ ಮುಗಿದಾಗ ಒಂದು ಬನ್ಸ್, ಮತ್ತೆ ಚಹಾ. ಒಂದು ಗಂಟೆಯವರೆಗೆ ಇನ್ನೂ ಮೂರು ಚಹಾ. ಹೊಟ್ಟೆಗೆ ಅನ್ನದ ಮುಖವೇ ಇಲ್ಲ. ಇದು ಸಿಟ್ಟೋ ಹಸಿವೋ ಎಂದು ಹೆಂಡತಿ ಕೇಳಿದಾಗ ನನಗೆ ಅವಮಾನವೇ ಆಯಿತು. ಇಷ್ಟು ವರ್ಷ ನಾನು ಸಾಕಿದ ದೊಡ್ಡ ಕೋಪ ಬರೀ ಕುಚ್ಚಲಕ್ಕಿ ಗಂಜಿಯಿಂದ ತಣಿಯುವಂಥದ್ದೇ?

ಎಲ್ಲವೂ ಅಲ್ಲ, ಅರ್ಧ ಭಾಗ ಹೌದು. ಬೆಳಿಗ್ಗೆ ಗಂಜಿ ಉಂಡು ಹೊರಡಲು ಆರಂಭಿಸಿದೆ. ಚಹಾ ದಿನಕ್ಕೆ ಎರಡಕ್ಕೆ ಇಳಿಸಿದೆ. ಮೊದಲ ವಾರ ತಲೆನೋವಿನಿಂದ ಇನ್ನಷ್ಟು ರೇಗಿದೆ ಎಂಬುದನ್ನೂ ದಾಖಲಿಸಬೇಕು. ರಾತ್ರಿ ಹನ್ನೊಂದರವರೆಗೆ ಮೊಬೈಲ್ ನೋಡುವುದನ್ನು ಬಿಟ್ಟದ್ದು ಇದಕ್ಕಿಂತ ಕಷ್ಟವಾಯಿತು, ಇಂದಿಗೂ ಪೂರ್ತಿ ಬಿಟ್ಟಿಲ್ಲ. ಅದೇ ಹೊತ್ತಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ನೋಡಿಸಿದಾಗ 150–100 ಇತ್ತು. ವೈದ್ಯರು ಮಾತ್ರೆ ಕೊಟ್ಟರು. ಒತ್ತಡದ ಮಾತ್ರೆ ಸಿಟ್ಟಿನ ಮಾತ್ರೆಯಲ್ಲ ಎಂದು ಅವರೇ ಹೇಳಿದರು.

ಇನ್ನೊಂದು ಕಾಲಂನಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಶಬ್ದ ‘ನೀನು’. ನಮ್ಮ ತುಳುವಿನಲ್ಲಿ ‘ಈ’ (ನೀನು) ಬೇರೆ, ‘ಈರ್’ (ನೀವು) ಬೇರೆ. ಗುರುತಿಲ್ಲದ ಹಿರಿಯನನ್ನು ಯಾರೂ ‘ಈ’ ಎನ್ನುವುದಿಲ್ಲ. ಸುರತ್ಕಲ್, ಮಣಿಪಾಲಗಳಲ್ಲಿ ಹತ್ತುವ ಕಾಲೇಜು ಹುಡುಗರು ‘ಟಿಕೆಟ್ ಕೊಡು’, ‘ನೀನು ನಿಲ್ಲಿಸು’ ಎಂದರೆ ನನ್ನ ಕಿವಿ ಬಿಸಿಯಾಗುತ್ತಿತ್ತು. ಹಾಳೆಯಲ್ಲಿ ಬರೆದು ನೋಡಿದಾಗ ಒಂದು ವಿಷಯ ಹೊಳೆಯಿತು: ಹಾಗೆ ಹೇಳಿದವರಲ್ಲಿ ಹೆಚ್ಚಿನವರು ಊರಿನವರಲ್ಲ. ಬಾಯಿಗೆ ಬಂದ ನಾಲ್ಕು ಕನ್ನಡ ಶಬ್ದಗಳಲ್ಲಿ ಬಹುವಚನ ಇನ್ನೂ ಸೇರಿರದ ಹೊರರಾಜ್ಯದ ಮಕ್ಕಳು, ಇಲ್ಲವೇ ಏಕವಚನವನ್ನು ಸಲಿಗೆಯಾಗಿ ಬಳಸುವ ಬೇರೆ ಜಿಲ್ಲೆಯವರು. ಅವರು ನನ್ನನ್ನು ಕೆಳಗಿಳಿಸಿರಲಿಲ್ಲ. ಅವರ ವ್ಯಾಕರಣದಲ್ಲಿ ಆ ಮೆಟ್ಟಿಲೇ ಇರಲಿಲ್ಲ. ಇದು ಅರ್ಥವಾದ ಮೇಲೆ ಆ ಸಿಟ್ಟನ್ನು ತಡೆಯುವ ಕೆಲಸವೇ ಉಳಿಯಲಿಲ್ಲ, ಏಕೆಂದರೆ ಅದು ಹುಟ್ಟುವುದೇ ಕಡಿಮೆಯಾಯಿತು. ಒಬ್ಬ ಹುಡುಗನಿಗೆ ‘ಕೊಡಿ’ ಎನ್ನಲು ಕಲಿಸಿಯೂ ಕೊಟ್ಟೆ. ಅವನು ಮರುದಿನ ಡ್ರೈವರಿಗೆ, ನನಗೆ, ಹತ್ತು ವರ್ಷದ ಮಗುವಿಗೆ ಎಲ್ಲರಿಗೂ ‘ಕೊಡಿ’ ‘ಬನ್ನಿ’ ಎನ್ನತೊಡಗಿದ.

ಬೇಕೆಂದೇ ಏಕವಚನದಲ್ಲಿ ಕರೆಯುವವರೂ ಇದ್ದರು. ಅವರ ಮೇಲೆ ಬಂದ ಸಿಟ್ಟು ಹಾಗೆಯೇ ಉಳಿಯಿತು. ಅದಕ್ಕೆ ಬೇರೆ ದಾರಿ ಹುಡುಕಬೇಕಾಯಿತು.

ಹತ್ತರವರೆಗೆ ಎಣಿಸಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಎಣಿಸಿದ್ದೇನೆ, ಹನ್ನೊಂದಕ್ಕೆ ಬೈದಿದ್ದೇನೆ. ಎಣಿಸುವಾಗ ಬೈಗುಳವನ್ನು ಇನ್ನೂ ಚೆನ್ನಾಗಿ ಜೋಡಿಸಿಕೊಳ್ಳಲು ಸಮಯ ಸಿಗುತ್ತದೆ, ಅಷ್ಟೇ. ಮನಸ್ಸಿನಲ್ಲಿರುವುದನ್ನು ಹೊರಗೆ ಹಾಕಿದರೆ ಹಗುರಾಗುತ್ತದೆ ಎಂದು ಒಬ್ಬ ಗೆಳೆಯ ಹೇಳಿದ್ದ. ಅದನ್ನು ನಂಬಿ ಭಾನುವಾರಗಳಲ್ಲಿ ಅಂಗಳದ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಕುಕ್ಕಿ ಸುಲಿಯುತ್ತಿದ್ದೆ, ಪ್ರತಿ ಕಾಯಿಗೂ ಒಬ್ಬೊಬ್ಬರ ಮುಖ ನೆನೆದುಕೊಂಡು. ನಲವತ್ತು ಕಾಯಿ ಆಗುವ ಹೊತ್ತಿಗೆ ಆ ಮುಖಗಳೆಲ್ಲ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿದ್ದವು. ಮಗಳು ಈಗ ಪದವಿಯಲ್ಲಿ ಮನಃಶಾಸ್ತ್ರ ಓದುತ್ತಿದ್ದಾಳೆ. ಅವಳು ಹೇಳಿದಳು, ಆಗ ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಬ್ರಾಡ್ ಬುಶ್‌ಮನ್ ಎಂಬವರು 2002ರಲ್ಲಿಯೇ ಇದನ್ನು ಪರೀಕ್ಷಿಸಿ ಪ್ರಕಟಿಸಿದ್ದರಂತೆ: ತಮಗೆ ಕೋಪ ಬರಿಸಿದವರನ್ನು ನೆನೆಯುತ್ತಾ ಗುದ್ದುಚೀಲಕ್ಕೆ ಗುದ್ದಿದವರು, ಸುಮ್ಮನೆ ಕುಳಿತವರಿಗಿಂತ ಹೆಚ್ಚು ಕೋಪದಲ್ಲಿದ್ದರು. ಅವರೂ ಅವರ ಸಹೋದ್ಯೋಗಿಯೂ 2024ರಲ್ಲಿ 154 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಕಂಡದ್ದೂ ಅದೇ. ದೇಹದ ಬಿಸಿಯನ್ನು ಇಳಿಸುವ ಕೆಲಸಗಳು, ಅಂದರೆ ನಿಧಾನ ಉಸಿರಾಟ, ಧ್ಯಾನ, ಸ್ನಾಯುಗಳನ್ನು ಸಡಿಲಿಸುವುದು, ಇವು ಕೋಪವನ್ನು ತಗ್ಗಿಸುತ್ತವೆ. ಬಿಸಿ ಏರಿಸುವ ಕೆಲಸಗಳು ಒಟ್ಟಿನಲ್ಲಿ ತಗ್ಗಿಸುವುದಿಲ್ಲ, ಓಟವಂತೂ ಹೆಚ್ಚಿಸಲೂಬಹುದು. ಓಟ ಹೃದಯಕ್ಕೆ ಒಳ್ಳೆಯದು, ಆ ಮಾತು ಬೇರೆ. ತೆಂಗಿನಕಾಯಿಯನ್ನು ನಾನು ಈಗಲೂ ಸುಲಿಯುತ್ತೇನೆ, ಎಣ್ಣೆಗೆ.

ಉಸಿರಾಟದ ವಿಷಯ ನಾನು ಮೊದಲೇ ಕೇಳಿದ್ದೆ, ಮಾಡಿರಲಿಲ್ಲ. ಎಪ್ಪತ್ತು ಜನ ತುಂಬಿದ ಬಸ್ಸಿನಲ್ಲಿ ಕಣ್ಣು ಮುಚ್ಚಿ ನಿಲ್ಲುವುದು ಹೇಗೆ? ಕೊನೆಗೆ ದಾರಿ ಸಿಕ್ಕಿದ್ದು ಮಾರ್ಗದಲ್ಲಿಯೇ. ಮಂಗಳೂರಿನಿಂದ ಉಡುಪಿಗೆ ಹೋಗುವಾಗ ನಾಲ್ಕು ದೊಡ್ಡ ಸೇತುವೆಗಳು. ಕೂಳೂರಿನಲ್ಲಿ ಫಲ್ಗುಣಿ, ಪಾವಂಜೆಯಲ್ಲಿ ನಂದಿನಿ, ಮುಲ್ಕಿಯಲ್ಲಿ ಶಾಂಭವಿ, ಉದ್ಯಾವರದಲ್ಲಿ ಪಾಪನಾಶಿನಿ. ಸೇತುವೆಯ ಮೇಲೆ ಬಸ್ಸು ನಿಲ್ಲುವುದಿಲ್ಲ. ಯಾರೂ ಹತ್ತುವುದಿಲ್ಲ, ಇಳಿಯುವುದಿಲ್ಲ. ಕಂಡಕ್ಟರಿಗೆ ಆ ಹೊತ್ತು ಮಾತ್ರ ತನ್ನದು. ಸೇತುವೆ ಬಂದ ತಕ್ಷಣ ಟಿಕೆಟ್ ಕೊಡುವುದನ್ನು ನಿಲ್ಲಿಸಿ, ಕಂಬಕ್ಕೆ ಬೆನ್ನು ಕೊಟ್ಟು, ಹೊಳೆಯನ್ನು ನೋಡುತ್ತಾ, ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಹೊರಗೆ ಬಿಡುವುದು ಉದ್ದವಾಗಬೇಕು. ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುತ್ತದೆ ಎಂದು ಆರೋಗ್ಯ ಕೇಂದ್ರದ ವೈದ್ಯರೇ ವಿವರಿಸಿದ್ದರು. ಒಂದು ಸೇತುವೆಗೆ ಮೂರು ನಾಲ್ಕು ಉಸಿರು ಸಿಗುತ್ತದೆ. ದಿನಕ್ಕೆ ಆರು ಟ್ರಿಪ್, ಟ್ರಿಪ್ಪಿಗೆ ನಾಲ್ಕು ಸೇತುವೆ.

ಇಲ್ಲಿ ಗಮನಿಸಬೇಕಾದದ್ದು, ನಾನು ಸಿಟ್ಟು ಬಂದಾಗ ಉಸಿರಾಡುತ್ತಿರಲಿಲ್ಲ, ಸೇತುವೆ ಬಂದಾಗ ಉಸಿರಾಡುತ್ತಿದ್ದೆ. ಸಿಟ್ಟು ಬಂದಾಗ ಮಾಡಬೇಕು ಎಂದುಕೊಂಡ ಯಾವುದನ್ನೂ ನಾನು ಸಿಟ್ಟು ಬಂದಾಗ ಮಾಡಿದ್ದಿಲ್ಲ. ಆ ಹೊತ್ತಿನಲ್ಲಿ ತಲೆ ನಮ್ಮ ಮಾತು ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಹೆಂಡತಿಯ ಕೆಲಸದಲ್ಲಿ ಇದಕ್ಕೆ ಸಮನಾದ ಸಂಗತಿ ಉಂಟು: ಬೀಡಿ ಎಲೆಯನ್ನು ಮೊದಲೇ ನೆನೆಸಿ ಮೆತ್ತಗೆ ಮಾಡಿಟ್ಟುಕೊಳ್ಳಬೇಕು. ಒಣ ಎಲೆಯನ್ನು ಸುತ್ತಲು ಹೋಗಿ, ಒಡೆದ ಮೇಲೆ ನೀರು ಚಿಮುಕಿಸಿದರೆ ಏನು ಬಂತು?

ಹಾಳೆಗಳಲ್ಲಿ ಮೂರನೆಯ ಒಂದು ಸಂಗತಿ ಇತ್ತು. ಅದನ್ನು ನಾನು ಕಂಡೂ ಕಾಣದಂತೆ ಬಹಳ ದಿನ ಬಿಟ್ಟಿದ್ದೆ. ‘ಯಾರ ಮೇಲೆ’ ಎಂಬ ಕಾಲಂನಲ್ಲಿ ವಯಸ್ಸಾದ ಗಂಡಸರು ಲೆಕ್ಕಕ್ಕಿಂತ ಹೆಚ್ಚು ಇದ್ದರು. ಕುಡಿದವರಲ್ಲ, ಜಗಳಗಂಟರಲ್ಲ. ನಿಧಾನವಾಗಿ ಹತ್ತುವವರು, ಕಿವಿ ಮಂದವಾದವರು, ಕಿಸೆಯಲ್ಲಿ ಚಿಲ್ಲರೆ ತಡಕುವವರು. ಗರ್ಭಿಣಿಯರು, ಮಕ್ಕಳನ್ನು ಎತ್ತಿಕೊಂಡವರು ಇಷ್ಟೇ ನಿಧಾನ. ಅವರ ಮೇಲೆ ನಾನು ರೇಗಿದ್ದು ಒಂದೆರಡು ಬಾರಿ ಮಾತ್ರ.

ನನ್ನ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಮೊಣಕಾಲು ಹೋಗಿತ್ತು, ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತಿದ್ದರು. 2019ರ ಏಪ್ರಿಲ್‌ನಲ್ಲಿ ಒಂದು ದಿನ ಮಧ್ಯಾಹ್ನ ಅಲ್ಲಿಯೇ ಬಿದ್ದರು. ಹೆಂಡತಿ ನನಗೆ ಏಳು ಬಾರಿ ಕರೆ ಮಾಡಿದ್ದಳು. ಬಸ್ಸು ತುಂಬಿತ್ತು, ಮೊಬೈಲ್ ಚೀಲದ ಅಡಿಯಲ್ಲಿತ್ತು. ಉಡುಪಿಯಲ್ಲಿ ಚೀಲ ಸುರಿದು ಲೆಕ್ಕ ಮಾಡುವಾಗ ಕಂಡಿತು. ಆಸ್ಪತ್ರೆ ಸೇರುವ ಮೊದಲೇ ಅವರು ಹೋಗಿದ್ದರು. ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಸಿ ಮರುದಿನವೇ ಕೆಲಸಕ್ಕೆ ಬಂದೆ. ಯಾರ ಮುಂದೆಯೂ ಅತ್ತದ್ದಿಲ್ಲ. ಮೂರು ತಿಂಗಳಿಗೆ ಹಳೆಯಂಗಡಿಯ ಆ ಅಜ್ಜ ಹತ್ತಿದರು.

ಇದಕ್ಕೆ ಅದೇ ಕಾರಣ ಎಂದು ನಾನು ಆಣೆ ಮಾಡಿ ಹೇಳಲಾರೆ. ಅದಕ್ಕೂ ಮೊದಲು ನಾನೇನು ಸಾಧುವಾಗಿರಲಿಲ್ಲ. ಆದರೆ ಒಂದು ಸಂಜೆ ಹಾಳೆಗಳನ್ನು ಮುಂದೆ ಹರಡಿಕೊಂಡು, ಆ ಕಾಲಂನ ಮೇಲೆ ಬೆರಳಾಡಿಸುತ್ತಾ ಬಂದಾಗ, ‘ಹಿಂದಿನ ಸ್ಟೇಜು’ ಎಂಬಲ್ಲಿ ಏನು ಬರೆಯಬೇಕೆಂದು ಗೊತ್ತಿತ್ತು. ಬರೆಯಲಿಲ್ಲ. ಅಲ್ಲಿಯವರೆಗೆ ಎಲ್ಲ ಕಡೆ ‘ಸಿಟ್ಟು’ ಎಂಬ ಒಂದೇ ಶಬ್ದ ಬರೆಯುತ್ತಿದ್ದೆ. ನಮ್ಮ ಭಾಷೆಯಲ್ಲಿ ಎಷ್ಟು ಶಬ್ದಗಳಿವೆ: ಕಿರಿಕಿರಿ, ಅಸಹನೆ, ರೋಷ, ಮುನಿಸು, ಹೊಟ್ಟೆಕಿಚ್ಚು, ಅವಮಾನ, ಸಂಕಟ, ಅಳಲು. ಅಂದಿನಿಂದ ಸರಿಯಾದ ಶಬ್ದ ಹುಡುಕಿ ಬರೆಯತೊಡಗಿದೆ. ಶಬ್ದ ಸರಿ ಸಿಕ್ಕಿದ ದಿನ ಎದೆ ಸ್ವಲ್ಪ ಸಡಿಲವಾಗುತ್ತಿತ್ತು. ಭಾವನೆಗೆ ಹೆಸರಿಟ್ಟಾಗ ಮಿದುಳಿನಲ್ಲಿ ಭಯ, ಕೋಪಗಳ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗುವುದನ್ನು ಕ್ಯಾಲಿಫೋರ್ನಿಯಾದ ಸಂಶೋಧಕರು 2007ರಲ್ಲಿ ತೋರಿಸಿದ್ದಾರೆ ಎಂದು ಮಗಳು ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಹೆದರಿದ ಎತ್ತು ಹೆಸರು ಹಿಡಿದು ಕರೆದರೆ ನಿಲ್ಲುವುದನ್ನು ನೋಡಿದ್ದೇನೆ.

ಅಪ್ಪನ ವಿಷಯವನ್ನು ಮಾತ್ರ ಒಬ್ಬನೇ ಬಗೆಹರಿಸಿಕೊಳ್ಳಲು ಆಗಲಿಲ್ಲ. 2023ರ ಏಪ್ರಿಲ್‌ನಲ್ಲಿ, ಅವರ ವರ್ಷದ ತಿಥಿಯ ರಾತ್ರಿ, ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಸೇವೆ ಅದು. ಉಚಿತ, ದಿನದ ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲಿ ಮಾತನಾಡಬಹುದು. ಹುಚ್ಚು ಹಿಡಿದವರು ಮಾಡುವ ನಂಬರ್ ಎಂಬ ಅಳುಕು ನನಗೂ ಇತ್ತು. ಆ ಕಡೆಯಿಂದ ಮಾತನಾಡಿದ ಹೆಣ್ಣುಮಗಳು ನನಗೆ ಸಮಾಧಾನ ಹೇಳಲಿಲ್ಲ, ಅದಕ್ಕೇ ನಾನು ಫೋನ್ ಇಡಲಿಲ್ಲ. ಅವರು ಕೇಳಿದ್ದು, ಆ ದಿನ ಮೊದಲ ಕರೆಯನ್ನೇ ತೆಗೆದಿದ್ದರೆ ಏನಾಗುತ್ತಿತ್ತು ಎಂದು.

ಅದು ನನ್ನ ಕಸುಬಿನ ಪ್ರಶ್ನೆ. ಲೆಕ್ಕ ಹಾಕಿದೆ. ಮೊದಲ ಕರೆ 12.10ಕ್ಕೆ, ಬಸ್ಸು ಪಡುಬಿದ್ರಿ ಬಿಡುವ ಹೊತ್ತು. ಅಲ್ಲಿಯೇ ಇಳಿದು, ಎದುರಿನಿಂದ ಬಂದ ಬಸ್ಸು ಆ ಕ್ಷಣದಲ್ಲಿಯೇ ಸಿಕ್ಕಿದರೂ ಮುಕ್ಕಕ್ಕೆ ಅರ್ಧ ಗಂಟೆ. ಹೆಜಮಾಡಿಯ ಟೋಲ್‌ನಲ್ಲಿ ಸಾಲು ಇಲ್ಲದಿದ್ದರೆ. 12.40. ಅಪ್ಪನ ಉಸಿರು ನಿಂತದ್ದು 12.30ಕ್ಕೆ ಎಂದು ಆಟೋದಲ್ಲಿ ಜೊತೆಗಿದ್ದ ಹೆಂಡತಿ ಹೇಳಿದ್ದಳು. ಆಗಲೂ ತಡವಾಗುತ್ತಿತ್ತು. ಫೋನಿನಲ್ಲಿ ನಾನು ಈ ಲೆಕ್ಕವನ್ನು ಗಟ್ಟಿಯಾಗಿ ಹೇಳಿದೆ, ಆಮೇಲೆ ನಾಲ್ಕು ವರ್ಷದ ಅಳು ಅತ್ತೆ. ದುಃಖ ಕಡಿಮೆಯಾಗಲಿಲ್ಲ, ಅದು ಇರಲಿ, ಅಪ್ಪನಲ್ಲವೇ. ಆದರೆ ಬಸ್ಸಿಗೆ ಹತ್ತುವ ಪ್ರತಿ ಮುದುಕರಲ್ಲಿ ನನ್ನ ಮೇಲೆ ದೂರು ಹೊತ್ತ ಒಬ್ಬ ಸಾಕ್ಷಿಯನ್ನು ಕಾಣುವುದು ನಿಧಾನವಾಗಿ ನಿಂತಿತು.

ಆ ವರ್ಷದ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂತು. ನಮ್ಮ ಕರಾವಳಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ‘ಘಟ್ಟದ ಮೇಲಿನವರಿಗೆ ಉಚಿತ, ನಮಗೆ ಯಾಕೆ ದುಡ್ಡು?’ ಎಂದು ದಿನಕ್ಕೆ ಇಪ್ಪತ್ತು ಜನ ನನ್ನನ್ನು ಕೇಳುತ್ತಿದ್ದರು, ಯೋಜನೆ ಮಾಡಿದವನು ನಾನೇ ಎಂಬಂತೆ. ಹಿಂದಿನ ನಾನಾಗಿದ್ದರೆ ದಿನಕ್ಕೆ ಇಪ್ಪತ್ತು ಜಗಳ. ಆಗ ನಾನು ಕಂಡುಕೊಂಡ ಮಾತು ಒಂದು: ‘ಹೌದು ಅಕ್ಕ, ನನ್ನ ಹೆಂಡತಿಯೂ ಇದನ್ನೇ ಕೇಳುತ್ತಾಳೆ.’ ಸುಳ್ಳಲ್ಲ, ಅವಳೂ ಕೇಳಿದ್ದಳು. ಈ ಮಾತಿಗೆ ಅವರು ನಕ್ಕು ಹಣ ಕೊಡುತ್ತಿದ್ದರು. ಸೌಮ್ಯವಾದ ಉತ್ತರ ಮೊದಲೇ ಬಾಯಲ್ಲಿ ಸಿದ್ಧವಾಗಿದ್ದರೆ ಅರ್ಧ ಕೆಲಸ ಆದಂತೆ. ಚಿಲ್ಲರೆಗೂ ಹಾಗೆಯೇ, ಬೆಳಿಗ್ಗೆ ಮುನ್ನೂರು ರೂಪಾಯಿಯ ನಾಣ್ಯ, ಹತ್ತರ ನೋಟು ನಾನೇ ತರುತ್ತಿದ್ದೆ. ಕ್ಯೂಆರ್ ಕೋಡ್ ಬಂದ ಮೇಲೆ ಚಿಲ್ಲರೆಯ ಜಗಳ ಹೋಗಿ ನೆಟ್‌ವರ್ಕಿನ ಜಗಳ ಬಂತು. ಅದಕ್ಕೆ ನನ್ನಲ್ಲಿ ಮದ್ದಿಲ್ಲ.

ಎಲ್ಲ ಸಿಟ್ಟನ್ನೂ ಕಳೆದುಕೊಳ್ಳಬೇಕೆಂದು ನಾನು ಒಪ್ಪುವುದಿಲ್ಲ. ನೂಕುನುಗ್ಗಲಿನಲ್ಲಿ ಒಬ್ಬ ಶಾಲಾ ಹುಡುಗಿಯ ಮೈಗೆ ಕೈ ತಾಗಿಸುತ್ತಿದ್ದವನನ್ನು ಕಾಟಪಾಡಿಯಲ್ಲಿ ಇಳಿಸಿ, ಬಸ್ಸು ನಿಲ್ಲಿಸಿಕೊಂಡೇ ಪೊಲೀಸರಿಗೆ ಒಪ್ಪಿಸಿದ ದಿನ ನನ್ನ ಕೈಕಾಲು ನಡುಗುವಷ್ಟು ಸಿಟ್ಟಿತ್ತು. ಹನ್ನೆರಡು ನಿಮಿಷ ತಡವಾಯಿತು. ಅದನ್ನು ಹಾಳೆಯಲ್ಲಿ ಬರೆದಿಲ್ಲ. ಅಂದು ನಾನು ಕೂಗಲಿಲ್ಲ ಎಂಬುದು ನನಗೆ ಆಮೇಲೆ ನೆನಪಾಯಿತು. ಧ್ವನಿ ತಗ್ಗಿಸಿಯೇ ಮಾತನಾಡಿದ್ದೆ. ಇನ್ನೊಂದು ಮಾತು: ನನ್ನ ಲೋಟ ಗೋಡೆಗೆ ಬಿತ್ತು. ಕೈ ಮನುಷ್ಯರ ಮೇಲೆ ಹೋಗುವ ಮನೆಯಲ್ಲಿ ಹಾಳೆ, ಸೇತುವೆ, ಗಂಜಿ ಯಾವುದೂ ಸಾಲದು. ಅಲ್ಲಿ ಮೊದಲು ಆ ಮನೆಯವರ ರಕ್ಷಣೆ, ಆಮೇಲೆ ವೈದ್ಯರು. ಕುಡಿತವೂ ಸೇರಿದ್ದರೆ ತಡ ಮಾಡಲೇಬಾರದು.

2023ರ ಕೊನೆಯಲ್ಲಿ ಬಸ್ಸಿನಿಂದ ಇಳಿದೆ. ಈಗ ಒಂದು ಸ್ಟಾಪಿನಲ್ಲಿ ಟೈಮ್ ಕೀಪರ್. ಬೇರೆಯವರ ಸಿಟ್ಟು ನನ್ನ ಮೇಜಿಗೆ ಬರುತ್ತದೆ. ಇಬ್ಬರು ಕಂಡಕ್ಟರುಗಳು ಎರಡು ನಿಮಿಷಕ್ಕೆ ಕುತ್ತಿಗೆ ಪಟ್ಟಿ ಹಿಡಿದುಕೊಂಡು ಬಂದರೆ ‘ಸಮಾಧಾನ, ಸಮಾಧಾನ’ ಎನ್ನುವುದಿಲ್ಲ. ಆ ಶಬ್ದ ಕೇಳಿದರೆ ನನಗೇ ಸಿಟ್ಟು ಬರುತ್ತಿತ್ತು. ಹಿಂದಿನ ಸ್ಟೇಜುಗಳ ಟೈಮನ್ನು ಒಂದೊಂದಾಗಿ ಓದಿ ಹೇಳಿ ಎನ್ನುತ್ತೇನೆ. ಕೂಗುತ್ತಾ ಅಂಕಿ ಓದುವುದು ಕಷ್ಟ. ಮೂರನೆಯ ಸ್ಟೇಜಿಗೆ ಬರುವಾಗ ಧ್ವನಿ ಇಳಿದಿರುತ್ತದೆ. ಆಗ ತಿಂಡಿ ಆಯಿತೇ ಎಂದು ಕೇಳುತ್ತೇನೆ. ಹೆಚ್ಚಿನ ದಿನ ಆಗಿರುವುದಿಲ್ಲ. ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ, ‘ಅಣ್ಣ, ನಿಮಗೆ ತಿಂಡಿಯದ್ದೇ ಚಿಂತೆ’ ಎಂದು ಮೇಜು ಗುದ್ದಿ ಹೋದ. ಅವನ ವಿಷಯದಲ್ಲಿ ನನ್ನ ಉಪಾಯ ನಡೆಯಲಿಲ್ಲ.

ಹಳೆಯಂಗಡಿಯ ಅಜ್ಜ ಮತ್ತೆ ಸಿಗಲಿಲ್ಲ. ಕೊಡೆ ಹಿಡಿದ ಮುದುಕರು ಆ ಸ್ಟಾಪಿನಲ್ಲಿ ನಿಂತಿದ್ದರೆ ಬಗ್ಗಿ ನೋಡುತ್ತಿದ್ದೆ. ಮುಖ ನೆನಪಿಲ್ಲ, ನಿಜ ಹೇಳುತ್ತೇನೆ. ನೆಲದಲ್ಲಿ ತಡಕುತ್ತಿದ್ದ ಕೈ ಮಾತ್ರ ನೆನಪಿದೆ.

ಹಾಳೆಗಳನ್ನು ಈಗ ದಿನಾ ಬರೆಯುವುದಿಲ್ಲ, ತಿಂಗಳಿಗೆ ಎರಡು ಮೂರು ಸಾಲು. ಮೊನ್ನೆಯದು ಹೀಗಿದೆ. ಗಂಟೆ: ಸಂಜೆ 7.20. ಸ್ಥಳ: ಮನೆ. ಯಾರ ಮೇಲೆ: ಗ್ಯಾಸಿನ ರೆಗ್ಯುಲೇಟರ್. ಏನು ಮಾಡಿದೆ: ಬೈದೆ, ಅದರ ಕಂಪನಿಯನ್ನೂ ಬೈದೆ. ಐದನೆಯ ಕಾಲಂ ಖಾಲಿ ಬಿಟ್ಟು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಅಲ್ಲಿ ಪೆನ್ಸಿಲ್‌ನಲ್ಲಿ ಹೆಂಡತಿಯ ಅಕ್ಷರ: ‘ಮಧ್ಯಾಹ್ನ ಊಟ ಬಿಟ್ಟಿದ್ದಾರೆ. ಕೇಳಿದರೆ ಮಾಡಿದ್ದೇನೆ ಎನ್ನುತ್ತಾರೆ. ಬುತ್ತಿ ಹಾಗೆಯೇ ಉಂಟು.’